ಎಸ್‌ಎಸ್‌ಆರ್ ಬೋರ್ಡಿಗೆ ತೋಟದ ಪಂಪು ಕಟ್ಟಬಹುದೇ?

ತೋಟಕ್ಕೆ ನೀರು ಬಿಡುವ ಕಾಲ ಬಂತೆಂದರೆ ಈ ಅಂಕಣಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ: ಎಸ್‌ಎಸ್‌ಆರ್, ಅಂದರೆ ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ರಿಲೇ (ಸಾಲಿಡ್ ಸ್ಟೇಟ್ ರಿಲೇ), ಪಂಪಿಗೆ ಆದೀತೇ? ಈ ಸಲ ಅದಕ್ಕೇ ಹೆಚ್ಚಿನ ಜಾಗ. ರಿಲೇ ಎಂದರೇನು, ನೋಡ್‌ಎಂಸಿಯು ಎಂಬ ವೈಫೈ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಪ್ರೋಗ್ರಾಂ ಹಾಕುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು 230 ವೋಲ್ಟಿಗೆ ಕೈ ಹಾಕಲೇಬಾರದು.

ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು: ನಾಲ್ಕು ಚಾನೆಲ್‌ನ ಎಸ್‌ಎಸ್‌ಆರ್ ಬೋರ್ಡಿಗೆ ನೋಡ್‌ಎಂಸಿಯು ಜೋಡಿಸಿ ಸ್ಪ್ರಿಂಕ್ಲರಿನ 1 ಎಚ್‌ಪಿ ಪಂಪಿಗೆ ಕೊಟ್ಟಿದ್ದೇನೆ. ಮೊದಲು ಬೋರ್ಡಿನ ಫ್ಯೂಸ್ ಹೋಯಿತು, ಆ ಜಾಗಕ್ಕೆ ತಾಮ್ರದ ಎಳೆ ಹಾಕಿದೆ. ಎರಡು ದಿನ ಸರಿ ಇತ್ತು. ಈಗ ಫೋನಿನಲ್ಲಿ ಆಫ್ ಮಾಡಿದರೂ ಪಂಪು ನಿಲ್ಲುವುದಿಲ್ಲ. 40 ಆಂಪಿಯರಿನದ್ದು ಹಾಕಿದರೆ ಆದೀತಾ?

ಮೊದಲು ಮೈನ್ ಆಫ್ ಮಾಡಿ, ಬೋರ್ಡನ್ನು ತೆಗೆದಿಡಿ. ಅದರೊಳಗಿನ ಟ್ರಯಾಕ್ (ಎಸಿ ಕರೆಂಟನ್ನು ಆನ್–ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಸುಟ್ಟು ಶಾರ್ಟ್ ಆಗಿದೆ. ಬಲ್ಬು ಸುಟ್ಟರೆ ಕತ್ತಲಾಗುತ್ತದೆ, ಎಸ್‌ಎಸ್‌ಆರ್ ಸುಟ್ಟರೆ ಹೆಚ್ಚಾಗಿ ಆನ್ ಆಗಿಯೇ ಉಳಿಯುತ್ತದೆ. ಪಂಪಿನ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿಲ್ಲ. ಏಪ್ರಿಲ್‌ನಲ್ಲಿ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲ) ನೀರು ಬೆರಳು ಗಾತ್ರಕ್ಕೆ ಇಳಿದಿರುವಾಗ ಟಾಂಕಿ ಬರಿದಾಗಲು ಎಷ್ಟು ಹೊತ್ತು ಬೇಕು? ಆಮೇಲೆ ಪಂಪು ಒಣಗಿ ಓಡುತ್ತದೆ, ಮೆಕ್ಯಾನಿಕಲ್ ಸೀಲ್ ಬೇಯುತ್ತದೆ, ಕೊನೆಗೆ ವೈಂಡಿಂಗ್ ಹೋಗುತ್ತದೆ.

ಲೆಕ್ಕ ನೋಡಿ. ಆ ಬೋರ್ಡುಗಳಲ್ಲಿ ಇರುವುದು ಸಾಮಾನ್ಯವಾಗಿ ಜಿ3ಎಂಬಿ-202ಪಿ ಎಂಬ ಕಪ್ಪು ಬಿಲ್ಲೆ. ಅದರ ಮಿತಿ 2 ಆಂಪಿಯರ್. 1 ಎಚ್‌ಪಿಯ ಸಿಂಗಲ್ ಫೇಸ್ ಪಂಪು ಓಡುವಾಗಲೇ 6ರಿಂದ 7 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು. ಡೇಟಾಶೀಟಿನಲ್ಲಿ 30 ಆಂಪಿಯರ್ ತಡೆಯುತ್ತದೆ ಎಂದು ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಆ 30 ಆಂಪಿಯರ್ ಒಂದೇ ಒಂದು ಸೈಕಲ್‌ಗೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಹತ್ತಿರದ ಹೊತ್ತಿಗೆ. ಪಂಪು ವೇಗ ಹಿಡಿಯಲು ಅರ್ಧ ಸೆಕೆಂಡ್ ಬೇಕು, ವೋಲ್ಟೇಜ್ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಫ್ಯೂಸ್ ಹೋದದ್ದು ನಿಮಗೆ ಸಿಕ್ಕಿದ ಎಚ್ಚರಿಕೆ. ತಾಮ್ರದ ಎಳೆ ಹಾಕಿ ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದಿರಿ. ಇನ್ನು ಮುಂದೆ ಯಾವ ಬೋರ್ಡಿನಲ್ಲೂ ಹೀಗೆ ಮಾಡಬೇಡಿ.

ಇನ್ನು 40 ಆಂಪಿಯರಿನ ಚೌಕ ಎಸ್‌ಎಸ್‌ಆರ್. ಮೇಲೆ 40 ಎಂದು ಅಚ್ಚು ಹಾಕಿ ಒಳಗೆ ಅದರ ಅರ್ಧಕ್ಕೂ ಸಾಲದ ಟ್ರಯಾಕ್ ಇಟ್ಟ ನಕಲಿ ಮಾಲು ಪೇಟೆಯಲ್ಲಿ ತುಂಬ ಉಂಟು. ಅಸಲಿಯೇ ಸಿಕ್ಕಿದರೂ ಪ್ರತಿ ಆಂಪಿಯರಿಗೆ ಸುಮಾರು 1ರಿಂದ 1.5 ವ್ಯಾಟ್ ಬಿಸಿ ಹುಟ್ಟುತ್ತದೆ. 7 ಆಂಪಿಯರಿಗೆ ಹತ್ತು ವ್ಯಾಟ್ ಹತ್ತಿರ. ಪಂಪ್ ಶೆಡ್ಡಿನ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಬಿಸಿ ಹೋಗುವುದೆಲ್ಲಿಗೆ? ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಓವರ್‌ಲೋಡ್ ಗೊತ್ತಾಗುವುದಿಲ್ಲ. ಇಂಪೆಲ್ಲರ್‌ಗೆ ಕಸ ಸಿಕ್ಕಿ ಮೋಟಾರ್ ಜಾಮ್ ಆದರೆ ಎಸ್‌ಎಸ್‌ಆರ್ ಕರೆಂಟು ಕೊಡುತ್ತಲೇ ಇರುತ್ತದೆ. ಇರುವ ಸ್ಟಾರ್ಟರ್ ಕಿತ್ತು ಹಾಕಿ “ಎಸ್‌ಎಸ್‌ಆರ್ ಮಾಡಿಕೊಡುತ್ತೇವೆ, ಕಾಂಟ್ಯಾಕ್ಟ್ ಸವೆಯುವುದೇ ಇಲ್ಲ” ಎಂದು ಬರುವವರನ್ನು ಗೇಟಿನಿಂದಲೇ ಕಳಿಸಿ. ಸವೆಯುವ ಕಾಂಟ್ಯಾಕ್ಟ್ ಬದಲಿಸಬಹುದು, ಸುಟ್ಟ ಮೋಟಾರಿಗೆ ವೈಂಡಿಂಗ್ ಖರ್ಚು ನಿಮ್ಮದೇ.

ಮಾಡಬೇಕಾದದ್ದು ಇದು. ಮೋಟಾರನ್ನು ಹೊರಬೇಕಾದ್ದು ಕಂಟಾಕ್ಟರ್, ಅಂದರೆ ಕಾಯಿಲಿನ ಅಯಸ್ಕಾಂತ ಎಳೆದು ಹಿಡಿಯುವ ದೊಡ್ಡ ಸ್ವಿಚ್. ಮೈಕ್ರೋಕಂಟ್ರೋಲರ್ ಆ ಕಂಟಾಕ್ಟರಿನ ಕಾಯಿಲನ್ನು ಮಾತ್ರ ಆಡಿಸಬೇಕು. ನಿಮ್ಮಲ್ಲಿ ಸ್ಟಾರ್ಟರ್ ಇದ್ದರೆ ಅದರೊಳಗೆ ಕಂಟಾಕ್ಟರ್ ಇದೆಯೇ ಎಂದು ಮೊದಲು ನೋಡಿ. ಇಲ್ಲದವರು 16 ಆಂಪಿಯರಿನ ಸಿ ಕರ್ವ್ ಡಬಲ್ ಪೋಲ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್), 230 ವೋಲ್ಟ್ ಕಾಯಿಲಿನ ಮೂರು ಪೋಲ್ ಕಂಟಾಕ್ಟರ್, ಅದಕ್ಕೆ ಹೊಂದುವ ಓವರ್‌ಲೋಡ್ ರಿಲೇ ತನ್ನಿ. ಅಂಗಡಿಯಲ್ಲಿ ಬರೇ “25 ಆಂಪಿಯರ್” ಎಂದರೆ ಒಪ್ಪಬೇಡಿ. ಹೀಟರಿಗೆ ಎಸಿ-1ರ ಲೆಕ್ಕದಲ್ಲಿ 25 ಎನ್ನುವ ಕಂಟಾಕ್ಟರ್, ಮೋಟಾರಿಗೆ ಎಸಿ-3ರ ಲೆಕ್ಕದಲ್ಲಿ 9 ಮಾತ್ರ ಆಗಿರಬಹುದು. ಎಸಿ-3ರಲ್ಲಿ 12 ಇರುವುದನ್ನು ತೆಗೆದುಕೊಳ್ಳಿ.

ಓವರ್‌ಲೋಡ್ ರಿಲೇ ವಿಷಯದಲ್ಲಿ ಲೈನ್‌ಮ್ಯಾನ್‌ಗಳೂ ಎಡವುತ್ತಾರೆ. ಅದು ತ್ರೀ ಫೇಸಿಗೆಂದು ಮಾಡಿದ್ದು. ಒಂದು ಪೋಲಿನಲ್ಲಿ ಕರೆಂಟು ಇಲ್ಲದಿದ್ದರೆ ಫೇಸ್ ಹೋಯಿತೆಂದು ತಿಳಿದು ಕಾರಣವಿಲ್ಲದೆ ಟ್ರಿಪ್ ಆಗಬಹುದು. ಹಾಗಾಗಿ ಮೂರು ಪೋಲಿನಲ್ಲೂ ಅದೇ ಕರೆಂಟು ಹರಿಯುವಂತೆ ಮಾಡಿ: ಫೇಸನ್ನು ಮೊದಲ ಪೋಲಿನಿಂದ ಹೊರಗೆ ತಂದು ಪುನಃ ಎರಡನೇ ಪೋಲಿಗೆ ಕೊಟ್ಟು ಮೋಟಾರಿಗೆ ಒಯ್ಯಿರಿ, ನ್ಯೂಟ್ರಲನ್ನು ಮೂರನೇ ಪೋಲಿನಲ್ಲಿ ಹಾಯಿಸಿ. ಡಯಲನ್ನು ಮೋಟಾರಿನ ತಗಡಿನ ಮೇಲೆ ಬರೆದ ಆಂಪಿಯರಿಗೆ ನಿಲ್ಲಿಸಿ. ಟ್ರಿಪ್ ಆಗುತ್ತದೆ ಎಂದು ಡಯಲ್ ಏರಿಸುವುದು ಫ್ಯೂಸಿಗೆ ಎಳೆ ಹಾಕಿದ ಹಾಗೆಯೇ.

ಕಾಯಿಲಿನ ದಾರಿ ಹೀಗಿರಲಿ: ಎಂಸಿಬಿ ದಾಟಿದ ಫೇಸ್, ಓವರ್‌ಲೋಡಿನ 95–96 (ಟ್ರಿಪ್ ಆದಾಗ ತೆರೆದುಕೊಳ್ಳುವ ತುದಿಗಳು), ಟಾಂಕಿಯ ಫ್ಲೋಟ್ ಸ್ವಿಚ್, ಆಮೇಲೆ ಕೈ–ಆಫ್–ಆಟೋ ಎಂಬ ಮೂರು ಸ್ಥಾನದ ಸ್ವಿಚ್, ಅದರ ಆಟೋ ಬದಿಯಲ್ಲಿ ರಿಲೇಯ ಕಾಮನ್ ಮತ್ತು ಎನ್‌ಒ (ರಿಲೇ ಆನ್ ಆದಾಗ ಮಾತ್ರ ಸೇರುವ ತುದಿ), ಕೊನೆಗೆ ಕಾಯಿಲಿನ ಎ1. ಎ2 ನ್ಯೂಟ್ರಲಿಗೆ. ಫ್ಲೋಟ್ ಸ್ವಿಚ್ಚನ್ನು ತಂತಿಯಲ್ಲೇ ಹಾಕಿ, ಪ್ರೋಗ್ರಾಮಿನಲ್ಲಿ ಅಲ್ಲ. ಪ್ರೋಗ್ರಾಂ ಹ್ಯಾಂಗ್ ಆದರೂ ನೀರು ಮುಗಿದಾಗ ಪಂಪು ನಿಲ್ಲಬೇಕು.

ಇಲ್ಲಿಗಾದರೂ ನನ್ನ ಎಸ್‌ಎಸ್‌ಆರ್ ಬೋರ್ಡು ಆದೀತಾ ಎಂದು ನೀವು ಖಂಡಿತ ಕೇಳುತ್ತೀರಿ. ಬೇಡ. ಜಿ3ಎಂಬಿಗೆ ಕನಿಷ್ಠ 100 ಮಿಲಿಆಂಪಿಯರ್ ಲೋಡ್ ಬೇಕು. ಸಣ್ಣ ಕಂಟಾಕ್ಟರಿನ ಕಾಯಿಲ್ ಹಿಡಿದ ಮೇಲೆ 8 ವಿಎ ಆಸುಪಾಸು, ಅಂದರೆ 35 ಮಿಲಿಆಂಪಿಯರ್. ಟ್ರಯಾಕ್ ಹಿಡಿತ ಬಿಟ್ಟು ಬಿಟ್ಟು ಕಂಟಾಕ್ಟರ್ ಕರಕರ ಎನ್ನಬಹುದು, ಹಾಗಾದರೆ ಅದರ ತುದಿಗಳು ಬೆಸೆದುಕೊಳ್ಳುತ್ತವೆ. ಆಗ ಪುನಃ ನಿಲ್ಲದ ಪಂಪು. 10 ಆಂಪಿಯರ್ ಎಂದು ಬರೆದ ನೀಲಿ ಡಬ್ಬಿಯ ಸಾಧಾರಣ ಮೆಕ್ಯಾನಿಕಲ್ ರಿಲೇ ಬೋರ್ಡು ಸಾಕು, ಬೆಲೆಯೂ ಕಡಿಮೆ. ಕಾಯಿಲಿನ ಎರಡು ತುದಿಗೆ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಸರಣಿಯಲ್ಲಿ ಹಾಕಿ. ಇಲ್ಲದಿದ್ದರೆ ಆಫ್ ಮಾಡುವಾಗಿನ ಕಿಡಿಗೆ ನೋಡ್‌ಎಂಸಿಯು ರೀಸೆಟ್ ಆಗುತ್ತದೆ. ಪಿನ್ನು ಡಿ1 ಅಥವಾ ಡಿ2 ಮಾತ್ರ. ಡಿ0, ಡಿ3, ಡಿ4, ಡಿ8 ಬೂಟ್ ಆಗುವಾಗ ತಮ್ಮಷ್ಟಕ್ಕೆ ಏರಿಳಿಯುತ್ತವೆ.

ಕರೆಂಟು ಹೋಗಿ ಬಂದ ಕೂಡಲೇ ಪಂಪು ಹೊರಡದಂತೆ ಪ್ರೋಗ್ರಾಮಿನಲ್ಲಿ ಮೂರು ನಿಮಿಷ ಕಾಯಿಸಿ. ಆಗ ಇಡೀ ಲೈನಿನ ಪಂಪುಗಳು ಒಟ್ಟಿಗೆ ಎದ್ದು ವೋಲ್ಟೇಜ್ ಬಿದ್ದಿರುತ್ತದೆ, ಕಂಟಾಕ್ಟರ್ ಗಟ್ಟಿಯಾಗಿ ಹಿಡಿಯಲು 195 ವೋಲ್ಟ್ ಹತ್ತಿರವಾದರೂ ಬೇಕು.

ಬದಿಯಡ್ಕದಿಂದ: ಎಸ್‌ಎಸ್‌ಆರ್ ಆಫ್ ಇದ್ದರೂ ಜಗಲಿಯ 9 ವ್ಯಾಟ್ ಎಲ್‌ಇಡಿ ಬಲ್ಬು ಮಿಣಮಿಣ ಎನ್ನುತ್ತದೆ. ಬೋರ್ಡು ಹಾಳೇ?

ಹಾಳಾಗಿಲ್ಲ, ಅದರ ಸ್ವಭಾವವೇ ಹಾಗೆ. ಆಫ್ ಇದ್ದಾಗಲೂ 1.5 ಮಿಲಿಆಂಪಿಯರ್ ವರೆಗೆ ಸೋರಬಹುದು. ಅದು ಬಲ್ಬಿನೊಳಗಿನ ಕೆಪಾಸಿಟರನ್ನು ಮೆಲ್ಲ ತುಂಬಿಸುತ್ತದೆ, ತುಂಬಿದಾಗ ಒಮ್ಮೆ ಮಿಂಚುತ್ತದೆ. ಬಲ್ಬಿಗೆ ಸಮಾಂತರವಾಗಿ 0.22 ಮೈಕ್ರೋಫ್ಯಾರಡಿನ, 275 ವೋಲ್ಟಿನ ಎಕ್ಸ್2 ಕೆಪಾಸಿಟರನ್ನು 100 ಓಮ್ ಜತೆ ಹಾಕಿದರೆ ಸೋರಿಕೆಯಿಂದ ಬಲ್ಬಿಗೆ ಸಿಗುವ ವೋಲ್ಟೇಜ್ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ, ಮಿಣುಕು ನಿಲ್ಲುತ್ತದೆ. 10 ಕಿಲೋಓಮ್ ರೆಸಿಸ್ಟರ್ ಹಾಕಿ ಎನ್ನುವ ವಿಡಿಯೋಗಳಲ್ಲಿ ಕಾಲು ವ್ಯಾಟಿನದ್ದನ್ನು ತೋರಿಸುತ್ತಾರೆ. ಬಲ್ಬು ಉರಿಯುವಾಗ ಆ ರೆಸಿಸ್ಟರಿನಲ್ಲಿ 5 ವ್ಯಾಟ್ ಬಿಸಿ ಹುಟ್ಟುತ್ತದೆ, ಕಾಲು ವ್ಯಾಟಿನದ್ದು ಹೊತ್ತಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ 9 ವ್ಯಾಟ್ ಬಲ್ಬಿಗೆ ಎಸ್‌ಎಸ್‌ಆರ್ ಆಯ್ಕೆಯೇ ತಪ್ಪು, ಅದು ಕನಿಷ್ಠ ಲೋಡನ್ನೂ ಮುಟ್ಟುವುದಿಲ್ಲ.

ಎಸ್‌ಎಸ್‌ಆರ್ ಆಫ್ ಮಾಡಿ ಬಲ್ಬು ಬದಲಿಸಬಹುದೇ ಎಂದ ಮುಳ್ಳೇರಿಯದವರಿಗೂ ಇದೇ ಸೋರಿಕೆಯ ಕಾರಣಕ್ಕೆ ಉತ್ತರ: ಎಸ್‌ಎಸ್‌ಆರ್ ಆಫ್ ಮಾಡಿ ಹೋಲ್ಡರಿಗೆ ಕೈ ಹಾಕಬೇಡಿ, ಎಂಸಿಬಿ ಇಳಿಸಿಯೇ ಹಾಕಿ.

ಮಂಜೇಶ್ವರದ ವಿದ್ಯಾರ್ಥಿ: ಇಎಸ್‌ಪಿ8266ರಿಂದ (ನೋಡ್‌ಎಂಸಿಯುವಿನಲ್ಲಿರುವ ಚಿಪ್ಪು) ಕೊಟ್ಟರೆ ಚಾನೆಲ್ ಆನ್ ಆಗುತ್ತದೆ, ಸರಿಯಾಗಿ ಆಫ್ ಆಗುವುದಿಲ್ಲ.

ನಿಮ್ಮದು ಲೋ ಟ್ರಿಗರ್ ಬೋರ್ಡು, ಅಂದರೆ ಇನ್‌ಪುಟ್ ಸೊನ್ನೆ ವೋಲ್ಟಿಗೆ ಇಳಿದರೆ ಆನ್ ಆಗುವಂಥದ್ದು, ಅದಕ್ಕೆ ಕೊಟ್ಟದ್ದು 5 ವೋಲ್ಟ್. ಪಿನ್ನು 3.3ರಲ್ಲಿ ನಿಂತಾಗ ನಡುವೆ 1.7 ವೋಲ್ಟ್ ಉಳಿಯುತ್ತದೆ, ಬೋರ್ಡಿನ ಟ್ರಾನ್ಸಿಸ್ಟರ್ ಅರೆಬರೆ ತೆರೆದೇ ಇರುತ್ತದೆ. ಬೋರ್ಡಿಗೇ 3.3 ಕೊಟ್ಟರೆ ಎಸ್‌ಎಸ್‌ಆರ್ ಏಳುವುದಿಲ್ಲ, ಅದಕ್ಕೆ 4 ವೋಲ್ಟಾದರೂ ಬೇಕು. ನಡುವೆ ಒಂದು ಬಿಸಿ547 (BC547) ಟ್ರಾನ್ಸಿಸ್ಟರ್ ಹಾಕಿ: ಪಿನ್ನಿನಿಂದ 4.7 ಕಿಲೋಓಮ್ ಮೂಲಕ ಬೇಸ್, ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಬೋರ್ಡಿನ ಇನ್‌ಪುಟ್‌ಗೆ. ಪ್ರೋಗ್ರಾಮಿನಲ್ಲಿ ಆನ್–ಆಫ್ ತಿರುವುಮುರುವಾಗುತ್ತದೆ, ಸರಿಮಾಡಿಕೊಳ್ಳಿ.

ತಾಳವಾಡಿಯಿಂದ: ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯ 200 ವ್ಯಾಟ್ ಹೀಟರಿಗೆ?

ಇದು ಎಸ್‌ಎಸ್‌ಆರ್‌ಗೆ ಹೇಳಿ ಮಾಡಿಸಿದ ಕೆಲಸ. 0.9 ಆಂಪಿಯರಿನೊಳಗೆ ಇರುತ್ತದೆ, ದಿನಕ್ಕೆ ಸಾವಿರಾರು ಸಲ ಆನ್–ಆಫ್ ಆದರೂ ಸವೆಯುವುದಿಲ್ಲ. 2 ಸೆಕೆಂಡಿನ ಕಿಟಕಿ ಇಟ್ಟು ಅದರಲ್ಲಿ ಎಷ್ಟು ಭಾಗ ಆನ್ ಎಂದು ಲೆಕ್ಕ ಹಾಕಿದರೆ 37.5 ಡಿಗ್ರಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಇದೂ ಸುಟ್ಟರೆ ಆನ್ ಆಗಿಯೇ ಉಳಿಯುತ್ತದೆ ಎಂಬುದನ್ನು ಮರೆಯಬೇಡಿ. ಹೀಟರಿನ ಫೇಸಿನಲ್ಲಿ ಥರ್ಮಲ್ ಫ್ಯೂಸ್ ಹಾಕಿ, ಪೆಟ್ಟಿಗೆಯೊಳಗೆ 39 ಡಿಗ್ರಿ ಮೀರಿದರೆ ಹೀಟರಿನ ಕರೆಂಟು ಕಡಿಯುವ ಇನ್ನೊಂದು ಪ್ರತ್ಯೇಕ ಥರ್ಮೋಸ್ಟಾಟ್ ಇಡಿ.

ಫ್ಯಾನಿನ ವೇಗ ಪಿಡಬ್ಲ್ಯುಎಂನಲ್ಲಿ (ವೇಗವಾಗಿ ಆನ್–ಆಫ್ ಮಾಡುವ ವಿಧಾನ) ಬದಲಿಸಬಹುದೇ? ಆಗುವುದಿಲ್ಲ. ಈ ಬಿಲ್ಲೆ ಝೀರೋ ಕ್ರಾಸಿಂಗಿನಲ್ಲಿ, ಅಂದರೆ ಎಸಿ ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲಿ ಮಾತ್ರ ಆನ್ ಆಗುತ್ತದೆ.

ಡ್ರಿಪ್ಪಿನ 12 ವೋಲ್ಟ್ ಡಿಸಿ ವಾಲ್ವ್? ಟ್ರಯಾಕ್ ಡಿಸಿಯನ್ನು ಕಡಿಯಲಾರದು, ಒಮ್ಮೆ ಆನ್ ಆದರೆ ಮುಗಿಯಿತು. ಐಆರ್‌ಎಲ್‌ಝೆಡ್44ಎನ್ ಮಾಸ್‌ಫೆಟ್, ವಾಲ್ವಿಗೆ ಅಡ್ಡಲಾಗಿ 1ಎನ್4007 ಡಯೋಡ್.

24 ವೋಲ್ಟ್ ಎಸಿ ವಾಲ್ವ್? ಅದಕ್ಕೂ ಇದು ಬೇಡ, ಜಿ3ಎಂಬಿ 75 ವೋಲ್ಟಿನ ಕೆಳಗಿನ ಲೋಡಿಗೆ ಅಲ್ಲ.

ಒಳಗೆ ಆಪ್ಟೋ (ಎರಡು ಬದಿಯನ್ನು ಬೆಳಕಿನಿಂದ ಮಾತ್ರ ಜೋಡಿಸುವ ಬಿಡಿಭಾಗ) ಇರುವುದರಿಂದ ಸಿಡಿಲಿಗೆ ಭಯವಿಲ್ಲವಂತೆ, ನಿಜವೇ? ಸುಳ್ಳು. ಫೇಸ್–ನ್ಯೂಟ್ರಲ್ ನಡುವೆ 14ಡಿ471 ವೇರಿಸ್ಟರ್ ಹಾಕಿದರೆ ಸಣ್ಣಪುಟ್ಟ ಸರ್ಜ್ ತಡೆಯಬಹುದು. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗಿಗೆ ಡಬಲ್ ಪೋಲ್ ಇಳಿಸಿ, ಬೋರ್ಡಿನ ಅಡಾಪ್ಟರನ್ನೂ ಪ್ಲಗ್ಗಿನಿಂದ ಕಿತ್ತಿಡಿ.