ಹಸಿರು ಫಲಕದ ‘ಬಿಸಿನೆಸ್ 20’: ಮಿಡ್‌ಲ್ಯಾಂಡ್‌ಗೆ ಹೊರಟವರಿಗೊಂದು ಉತ್ತರ

ಮುಂದಿನ ತಿಂಗಳು ಟೆಕ್ಸಸ್‌ನ ಮಿಡ್‌ಲ್ಯಾಂಡ್‌ನಲ್ಲಿ ಕೆಲಸಕ್ಕೆ ಸೇರಲಿರುವ ನೀವು, ನಕ್ಷೆಯಲ್ಲಿ ಇಂಟರ್‌ಸ್ಟೇಟ್ 20 ಎಂಬ ಅಂತರರಾಜ್ಯ ಹೆದ್ದಾರಿಯ ಪಕ್ಕದಲ್ಲೇ ‘ಬಿಸಿನೆಸ್ 20’ ಎಂಬ ಇನ್ನೊಂದು ಉದ್ದನೆಯ ರಸ್ತೆಯನ್ನು ಕಂಡು, ಅದು ಸರಕು ಲಾರಿಗಳಿಗೇ ಮೀಸಲಾದ ದಾರಿಯೇ, ಅದರ ಆಸುಪಾಸಿನಲ್ಲಿ ಮನೆ ಹಿಡಿಯಬಹುದೇ ಎಂದು ಕೇಳಿದ್ದೀರಿ.

ಆ ಹೆಸರು ಲಾರಿಗಳಿಂದ ಬಂದದ್ದಲ್ಲ. ಹೆದ್ದಾರಿ ಊರಾಚೆ ಸರಿದ ಮೇಲೂ ಪೇಟೆಯೊಳಗೆ ಉಳಿದ ದಾವಣಗೆರೆಯ ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯನ್ನು ನೆನಪಿಸಿಕೊಂಡರೆ ಅರ್ಧ ವಿಷಯ ತಿಳಿದಂತೆಯೇ. ಅಮೆರಿಕದಲ್ಲಿ 1956ರ ಹೆದ್ದಾರಿ ಕಾಯ್ದೆಯಂತೆ ಇಂಟರ್‌ಸ್ಟೇಟ್ ಹೆದ್ದಾರಿಗಳು ಊರುಗಳ ಹೊರಗಿನಿಂದಲೇ ಹಾದುಹೋಗತೊಡಗಿದಾಗ, ಹಳೆಯ ರಸ್ತೆಯ ಗಿರಾಕಿಗಳನ್ನೇ ನಂಬಿದ್ದ ಹೋಟೆಲು, ಅಂಗಡಿ, ಪೆಟ್ರೋಲ್ ಬಂಕುಗಳಿಗೆ ಪೆಟ್ಟು ಬಿತ್ತು. ನಮ್ಮಲ್ಲಿ ಅಂಥ ರಸ್ತೆ ಜನರ ಬಾಯಲ್ಲಷ್ಟೇ ಹಳೆಯ ಹೆಸರನ್ನು ಉಳಿಸಿಕೊಳ್ಳುತ್ತದೆ. ಇಲ್ಲಿ ಹೊಸ ಹೆದ್ದಾರಿಯ ಸಂಖ್ಯೆಯನ್ನೇ ಅದಕ್ಕೂ ಕೊಟ್ಟು, ಕೆಂಪು-ನೀಲಿಯ ಬದಲು ಹಸಿರು ಫಲಕ ಹಾಕಿ, ಪ್ರಯಾಣಿಕರನ್ನು ಪೇಟೆಯೊಳಕ್ಕೆ ಕರೆಯುತ್ತಾರೆ. ಪೇಟೆಯನ್ನು ಹಾದು ಮತ್ತೆ ಹೆದ್ದಾರಿಗೇ ಸೇರಿದರೆ ಅದು ‘ಲೂಪ್’, ಪೇಟೆಯಲ್ಲೇ ಮುಗಿದರೆ ‘ಸ್ಪರ್’. ಅರಿಜೋನಾದ ವಿಲಿಯಮ್ಸ್ ಊರಿನಲ್ಲಿ 1984ರ ಅಕ್ಟೋಬರ್ 13ರವರೆಗೂ ಮುಖ್ಯ ಹೆದ್ದಾರಿಯಾಗಿದ್ದ ರೂಟ್ 66 ಇಂದು ಹೀಗೆಯೇ ಇಂಟರ್‌ಸ್ಟೇಟ್ 40ರ ಲೂಪ್ ಆಗಿದೆ.

ಇಂಥ ರಸ್ತೆಗಳಲ್ಲಿ ಬಹುಪಾಲು ಕೆಲವೇ ಮೈಲಿಗಳಲ್ಲಿ ಮುಗಿಯುತ್ತವೆ. ನಿಮ್ಮದು ಉದ್ದದವುಗಳ ಸಾಲಿಗೆ ಸೇರಿದ್ದು, ಏಕೆಂದರೆ ಸುಮಾರು 20 ಮೈಲಿ ಅಂತರದಲ್ಲಿರುವ ಒಡೆಸ್ಸಾ ಮತ್ತು ಮಿಡ್‌ಲ್ಯಾಂಡ್ ಎರಡನ್ನೂ ಅದು ಒಟ್ಟಿಗೆ ಪೋಣಿಸುತ್ತದೆ. ಹಿಂದೆ ಯು.ಎಸ್. 80 ಹೆದ್ದಾರಿ ಎನಿಸಿಕೊಂಡಿದ್ದ ಈ ದಾರಿ ರೈಲು ಹಳಿಯ ಜೊತೆಜೊತೆಗೇ ಸಾಗುತ್ತದೆ. ಫೋರ್ಟ್ ವರ್ತ್ ಮತ್ತು ಎಲ್ ಪಾಸೊಗಳ ನಡುಮಧ್ಯದ ರೈಲು ತಾಣವಾದುದರಿಂದಲೇ ಮಿಡ್‌ಲ್ಯಾಂಡ್‌ಗೆ ಆ ಹೆಸರು ಬಂದಿದೆ. ವಿಮಾನ ನಿಲ್ದಾಣವೂ ಎರಡೂರುಗಳ ನಡುವೆ ಇದೇ ರಸ್ತೆಯ ಮೇಲಿದೆ.

ಹಾಗೆಂದು ಹಸಿರು ಫಲಕ ಕಂಡಲ್ಲೆಲ್ಲ ಪೇಟೆಬೀದಿ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಬಿಸಿನೆಸ್ 80 ಒಂದು ಕಾಲಕ್ಕೆ ಇಂಟರ್‌ಸ್ಟೇಟ್ 80 ಆಗಿದ್ದ ರಸ್ತೆ. ಸಿಗ್ನಲ್ಲುಗಳೇ ಇಲ್ಲದ ಫ್ರೀವೇ ಅದು. ಅದೊಂದು ಅಪವಾದವಷ್ಟೇ. ನಾನಂತೂ ಮೊದಲ ವರ್ಷ, ಬೇರೊಂದು ಊರಿನ ಬಳಿ, ರಾತ್ರಿ ಹೊತ್ತು ಸಂಖ್ಯೆಯನ್ನಷ್ಟೇ ನೋಡಿ ಬಣ್ಣವನ್ನು ನೋಡದೆ ತಿರುಗಿ, ಒಂದರ ಹಿಂದೊಂದು ಕೆಂಪು ದೀಪಕ್ಕೆ ನಿಂತು ಮುಕ್ಕಾಲು ಗಂಟೆ ಕಳೆದುಕೊಂಡೆ.

ಮನೆಯ ವಿಷಯಕ್ಕೆ ಬಂದರೆ, ಈ ರಸ್ತೆಗೆ ತೀರ ಅಂಟಿಕೊಂಡಂತೆ ಹಿಡಿಯದಿರುವುದು ಲೇಸು. ಲಾರಿಗಳಿಗೆ ಮೀಸಲಲ್ಲದಿದ್ದರೂ ತೈಲಬಾವಿಗಳ ಸೀಮೆಯಾದ್ದರಿಂದ ಭಾರಿ ವಾಹನಗಳ ಓಡಾಟ ಇದ್ದೇ ಇದೆ, ಜೊತೆಗೆ ಗೂಡ್ಸ್ ರೈಲಿನ ಸದ್ದು. ಮುಂಗಡ ಕೊಡುವ ಮೊದಲು ಒಮ್ಮೆ ರಾತ್ರಿ ಹತ್ತರ ನಂತರ ಹೋಗಿ ನಿಂತು ಕೇಳಿ ನೋಡಿ. ಡಲ್ಲಾಸ್‌ನಿಂದ ಬರುವಾಗ ಮಾತ್ರ ಕೆಂಪು-ನೀಲಿ ಫಲಕದ 20ರಲ್ಲೇ ಬನ್ನಿ. ಹಸಿರು ಫಲಕದ ಕಡೆ ತಿರುಗುವುದನ್ನು ಮಿಡ್‌ಲ್ಯಾಂಡ್ ಸಮೀಪಿಸಿದ ಮೇಲೆ ಯೋಚಿಸಿದರೆ ಸಾಕು.