ಅನಿಮೋನ್ ಟ್ಯಾಂಕ್ ತುಂಬ ಓಡಾಡುತ್ತಿದೆ, ಕಿತ್ತು ಕಲ್ಲಿಗೆ ಕೂರಿಸಲೇ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಮುಲುಂಡ್‌ನ ಫ್ಲಾಟ್‌ನಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ, ಶುರುಮಾಡಿ ನಾಲ್ಕು ತಿಂಗಳು. ಒಂದು ಜೋಡಿ ಕ್ಲೌನ್ ಮೀನಿಗೋಸ್ಕರ ಬಬಲ್ ಟಿಪ್ ಜಾತಿಯ ಅನಿಮೋನ್ (ಹೂವಿನಂತೆ ಕಾಣುವ, ಬಳ್ಳಿಯಂಥ ಕೈಗಳಿರುವ ಕಡಲ ಪ್ರಾಣಿ) ತಂದು ಐದು ದಿನ ಆಯಿತು. ಕಲ್ಲಿನ ಮೇಲೆ ಇಟ್ಟದ್ದು ರಾತ್ರೋರಾತ್ರಿ ಜಾಗ ಬಿಟ್ಟಿತು. ಈಗ ಹಿಂಬದಿ ಗಾಜು ಹತ್ತಿ ವೇವ್‌ಮೇಕರ್‌ನಿಂದ (ನೀರಿನಲ್ಲಿ ಅಲೆಯೆಬ್ಬಿಸುವ ಪಂಪು) ಒಂದು ಗೇಣು ದೂರದಲ್ಲಿದೆ. ಕಿತ್ತು ಮತ್ತೆ ಕಲ್ಲಿಗೆ ಕೂರಿಸಲೇ ಎಂದು ಕೇಳಿದ್ದೀರಿ.

ಕೀಳಬೇಡಿ. ಇವತ್ತು ಮಲಗುವ ಮುಂಚೆ ಪಂಪಿಗೆ ಕವಚ ಹಾಕಿ, ಉಳಿದದ್ದೆಲ್ಲ ನಾಳೆಗೆ ಇರಲಿ.

ವೇವ್‌ಮೇಕರ್ ಜೊತೆಗೇ ಬರುವ ಪ್ಲಾಸ್ಟಿಕ್ ಜಾಲರಿಯನ್ನು ನಂಬಬೇಡಿ. ಅನಿಮೋನ್‌ಗೆ ಮೂಳೆಯಿಲ್ಲ. ಒಳಗಿನ ನೀರು ಹೊರಹಾಕಿದರೆ ಅಂಗೈಯಗಲದ ಪ್ರಾಣಿ ನಿಂಬೆಹಣ್ಣಿನಷ್ಟಾಗುತ್ತದೆ, ಅದರ ಪಾದ ಆ ಸೀಳುಗಳಲ್ಲಿ ಸಲೀಸಾಗಿ ನುಸುಳುತ್ತದೆ. ಫಿಲ್ಟರಿಗೆ ಬಳಸುವ ದೊಡ್ಡ ರಂಧ್ರದ ಸ್ಪಂಜು ತಂದು, ಪಂಪಿನ ತಲೆಗೆ ಕುಲಾವಿ ಹಾಕಿದ ಹಾಗೆ ನೀರು ಎಳೆಯುವ ಭಾಗವಷ್ಟನ್ನೂ ಮುಚ್ಚಿ, ಪ್ಲಾಸ್ಟಿಕ್ ಟೈನಿಂದ ಬಿಗಿಯಿರಿ. ನೀರು ಉಗುಳುವ ಬಾಯಿ ತೆರೆದೇ ಇರಲಿ. ಸಣ್ಣ ರಂಧ್ರದ ಸ್ಪಂಜಾದರೆ ಎರಡೇ ದಿನಕ್ಕೆ ಕಟ್ಟಿಕೊಂಡು ಹರಿವು ನಿಂತು ಮೋಟಾರು ಬಿಸಿಯಾಗುತ್ತದೆ. ದೊಡ್ಡದನ್ನೂ ಮೂರು ನಾಲ್ಕು ದಿನಕ್ಕೊಮ್ಮೆ ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಬೇಕು. ಓವರ್‌ಫ್ಲೋ ಹಲ್ಲುಗಳಿಗೂ (ನೀರು ಹೊರಹರಿಯುವ ಕಿಂಡಿಗಳು) ಹೀಟರಿಗೂ ರಕ್ಷಣೆ ಬೇಕು.

ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಪಂಪನ್ನು ನೈಟ್ ಮೋಡ್‌ನಲ್ಲೋ ಟೈಮರ್‌ನಲ್ಲೋ ಇಟ್ಟಿದ್ದರೆ ತೆಗೆದುಬಿಡಿ. ಓಡುತ್ತಿರುವ ಪಂಪು ಹತ್ತಿರ ಬಂದ ಕರಬಳ್ಳಿಗಳನ್ನು ಎಳೆದುಕೊಳ್ಳುತ್ತದೆ, ನಿಜ. ಆದರೆ ರಾತ್ರಿ ನಿಂತ ಪಂಪಿನ ಮೇಲೆ ಅನಿಮೋನ್ ಆರಾಮವಾಗಿ ಹತ್ತಿ ಕೂರುತ್ತದೆ, ಬೆಳಗ್ಗೆ ಮೋಟಾರು ತಿರುಗಿದ ಕ್ಷಣ ಇಡೀ ಪ್ರಾಣಿ ಚೂರಾಗುತ್ತದೆ. ಅದಕ್ಕೆ ಹೆದರಿ ಪಂಪನ್ನೇ ಆರಿಸಿಬಿಡುವುದೂ ಬೇಡ, ರಾತ್ರಿ ಹೊತ್ತು ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ.

ಈಗ ಅದು ಯಾಕೆ ನಡೆಯುತ್ತಿದೆ ಅನ್ನುವುದು. ಅನಿಮೋನ್ ಸುಮ್ಮನೆ ತಿರುಗುವ ಪ್ರಾಣಿಯಲ್ಲ, ಕೂತ ಜಾಗದಲ್ಲಿ ಏನೋ ಸಾಲದಿದ್ದರೆ ಏಳುತ್ತದೆ. ಹೋಗುವ ದಿಕ್ಕೇ ಕಾರಣ ಹೇಳುತ್ತದೆ. ಮೇಲಕ್ಕೆ, ಪಂಪಿನ ಕಡೆಗೆ ಹತ್ತಿದರೆ ಬೆಳಕೋ ಹರಿವೋ ಸಾಲದು. ಕಲ್ಲಿನ ಅಡಿಗೆ, ಕತ್ತಲೆಗೆ ಸರಿದರೆ ಬೆಳಕು ಹೆಚ್ಚಾಯಿತು. ಗಾಜಿನ ಮೇಲೆ ಎಲ್ಲೂ ನಿಲ್ಲದೆ ದಿನಗಟ್ಟಲೆ ಸುತ್ತಿದರೆ ನೀರನ್ನು ಅನುಮಾನಿಸಿ. ಬಬಲ್ ಟಿಪ್‌ಗೆ ಇನ್ನೊಂದು ಹಟ ಇದೆ, ಪಾದ ಕತ್ತಲ ಸಂದಿಯೊಳಗೆ, ಕರಬಳ್ಳಿ ಬೆಳಕಿನಲ್ಲಿ. ಚಪ್ಪಟೆ ಕಲ್ಲಿನ ನೆತ್ತಿಯ ಮೇಲೆ ಇಟ್ಟರೆ ಅದು ಇಳಿದು ಹೊರಡುವುದು ಖಂಡಿತ. (ಕಾರ್ಪೆಟ್ ಜಾತಿಯ ಹ್ಯಾಡೋನಿಗೆ ಇದು ತದ್ವಿರುದ್ಧ, ಅದಕ್ಕೆ ಆಳವಾದ ಮರಳು ಬೇಕು.)

ನೀರು ಪರೀಕ್ಷಿಸಿ. ಅಮೋನಿಯ, ನೈಟ್ರೈಟ್ ಸೊನ್ನೆ. ನೈಟ್ರೇಟ್ 5ರಿಂದ 10 ಪಿಪಿಎಂ. ಆಲ್ಕಲಿನಿಟಿ (ಕ್ಷಾರತೆ) 8ರಿಂದ 9 ಡಿಕೆಎಚ್. ಲವಣಾಂಶ, ನೀರಿನ ಸಾಂದ್ರತೆಯ ಲೆಕ್ಕದಲ್ಲಿ, 1.025ರಿಂದ 1.026, ಅದೂ ರಿಫ್ರಾಕ್ಟೋಮೀಟರ್‌ನಲ್ಲಿ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ) ನೋಡಿದ್ದು. ಕಡಿಮೆಯಿದ್ದರೆ ದಿನಕ್ಕೆ 0.001ಕ್ಕಿಂತ ಹೆಚ್ಚು ಏರಿಸಬೇಡಿ. ಟ್ಯಾಂಕ್ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹಿಂದಿನವರು ತಾಮ್ರದ ಔಷಧಿ ಹಾಕಿದ್ದರೇ ಎಂದು ಕೇಳಿ. ಕಲ್ಲಿನಲ್ಲಿ ಉಳಿದ ತಾಮ್ರ ಮೀನಿಗೆ ತಾಳಬಹುದು, ಅನಿಮೋನ್‌ಗೆ ವಿಷ. ಆರ್‌ಒ ನೀರು ಬಳಸುತ್ತೀರಾದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಮೊತ್ತ) ಅಳೆಯಿರಿ, ಕುಡಿಯುವ ನೀರಿನ ಎಷ್ಟೋ ಯಂತ್ರಗಳು ಕೊನೆಯಲ್ಲಿ ಖನಿಜ ಸೇರಿಸಿ ಬಿಡುತ್ತವೆ. ಉಳಿದ ಖನಿಜವನ್ನೂ ತೆಗೆಯುವ ಡಿಐ ಫಿಲ್ಟರ್ ದಾಟಿ ಸೊನ್ನೆ ಬರಬೇಕು. ಸಮುದ್ರ ಹತ್ತಿರವೇ ಇದೆಯಲ್ಲ ಎಂದು ಜುಹುವಿನಿಂದಲೋ ಬಾಂದ್ರಾದಿಂದಲೋ ಕ್ಯಾನಿನಲ್ಲಿ ನೀರು ತರುವುದು ಬೇಡವೇ ಬೇಡ. ಇಲ್ಲಿನ ಕರಾವಳಿಗೆ ಊರಿನ ಕೊಳಚೆ ಸೇರುತ್ತದೆ, ಮಳೆಗಾಲದಲ್ಲಿ ಉಪ್ಪಿನ ಅಂಶವೂ ಇಳಿಯುತ್ತದೆ.

ಮುಂಬಯಿಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನಿಸುವುದು ಶಾಖವನ್ನು. ಅನಿಮೋನ್‌ಗೆ 25ರಿಂದ 27 ಡಿಗ್ರಿ ಹಿತ. ಮೇ ತಿಂಗಳಲ್ಲಿ ಕೋಣೆಯೇ 32 ದಾಟುತ್ತದೆ, ಅದರ ಮೇಲೆ ಲೈಟು, ಪಂಪುಗಳ ಬಿಸಿ ಬೇರೆ. ನೀರು ದಿನಗಟ್ಟಲೆ 30ರ ಮೇಲಿದ್ದರೆ ಅದರ ಮೈಯೊಳಗೆ ವಾಸಿಸುತ್ತ ಆಹಾರ ಕೊಡುವ ಪಾಚಿಕಣಗಳು ಹೊರಟುಹೋಗುತ್ತವೆ, ಪ್ರಾಣಿ ಬಿಳಿಚುತ್ತದೆ. ಮೇಲಿಂದ ಫ್ಯಾನ್ ಬೀಸಿದರೆ ನೀರು ತಣಿಯುವುದು ಆವಿಯಾಗುವುದರಿಂದ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ತೇವ ತುಂಬಿರುವಾಗ ಆ ಉಪಾಯ ಹೆಚ್ಚು ಕೆಲಸ ಮಾಡುವುದಿಲ್ಲ. ನಿಮ್ಮ ಅಳತೆಗೆ ಹತ್ತನೇ ಒಂದು ಎಚ್‌ಪಿ ಚಿಲ್ಲರ್ (ನೀರು ತಣಿಸುವ ಯಂತ್ರ) ಅಷ್ಟಕ್ಕಷ್ಟೆ, ಒಂದು ಅಳತೆ ದೊಡ್ಡದಿದ್ದರೆ ನೆಮ್ಮದಿ. ಅದನ್ನು ಕ್ಯಾಬಿನೆಟ್ಟಿನೊಳಗೆ ಮುಚ್ಚಿಡಬೇಡಿ, ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಫ್ಯಾನ್ ಬಳಸುವವರು ಆವಿಯಾಗಿ ಹೋದಷ್ಟು ನೀರನ್ನು ದಿನಾ ತುಂಬಬೇಕು, ಅದೂ ಉಪ್ಪಿಲ್ಲದ ಆರ್‌ಒ ನೀರು. 200 ಲೀಟರಿನಲ್ಲಿ 4 ಲೀಟರ್ ಆವಿಯಾದರೆ, ಸಾವಿರ ಭಾಗಕ್ಕೆ 35 ಭಾಗ ಉಪ್ಪು ಇದ್ದ ಲವಣಾಂಶ 35.7ಕ್ಕೆ ಏರುತ್ತದೆ, ಮೂರು ದಿನ ಮರೆತರೆ 37 ದಾಟುತ್ತದೆ.

ಬೆಳಕನ್ನು ಒಮ್ಮೆಲೇ ಬದಲಿಸಬೇಡಿ. ದಿನಕ್ಕೆ ಎಂಟೊಂಬತ್ತು ಗಂಟೆ ಸಾಕು, ಎಲ್‌ಇಡಿ ಕಡಿಮೆ ಅನ್ನಿಸಿದರೆ ವಾರಕ್ಕೆ 5 ಶೇಕಡದಂತೆ ಏರಿಸಿ.

ಇನ್ನು ಮನೆ ಕಟ್ಟುವ ಕೆಲಸ. ಎರಡು ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ 5ರಿಂದ 8 ಸೆಂಟಿಮೀಟರ್ ಆಳದ ಸಂದಿ ಬರುವಂತೆ ಮಾಡಿ, ಬೇರೆ ಕಲ್ಲುಗಳಿಂದ 15 ಸೆಂಟಿಮೀಟರಾದರೂ ದೂರ ಇಡಿ. ಸುತ್ತ ಬರಿ ಮರಳು ಇದ್ದರೆ ಬಬಲ್ ಟಿಪ್ ಸಾಮಾನ್ಯವಾಗಿ ದಾಟಲು ಹಿಂಜರಿಯುತ್ತದೆ. ಹರಿವು ನೇರವಾಗಿ ಹೊಡೆಯದೆ, ಕರಬಳ್ಳಿಗಳು ಗಾಳಿಗೆ ಪೈರು ತೂಗುವ ಹಾಗೆ ತೂಗಿದರೆ ಸರಿಯಾಗಿದೆ ಎಂದರ್ಥ. ಅದೇ ನಡೆದು ಬಂದು ಕೂತರೆ ಅದಕ್ಕಿಂತ ಒಳ್ಳೆಯದಿಲ್ಲ. ಕೂತ ಮೇಲೆ ಆ ಕಲ್ಲನ್ನು ಮುಟ್ಟಲೇಬೇಡಿ. ಅಂಗೈಗಿಂತ ಚಿಕ್ಕ ಅನಿಮೋನ್ ಮೇಲೆ ಎರಡು ಬೆಳೆದ ಕ್ಲೌನ್ ಮೀನು ಹಗಲಿಡೀ ಹೊರಳಾಡಿದರೆ ಅದಕ್ಕೂ ಬೇಸತ್ತು ಹೊರಡುತ್ತದೆ, ಆಗ ತೂತಿನ ಪ್ಲಾಸ್ಟಿಕ್ ಬುಟ್ಟಿ ಮಗುಚಿ ಒಂದೆರಡು ದಿನ ಮುಚ್ಚಿಡಿ.

ಪಂಪಿನ ಮೇಲೇ ಕೂತುಬಿಟ್ಟರೆ ಮಾತ್ರ ಬಿಡಿಸಬೇಕಾಗುತ್ತದೆ. ಪಂಪ್ ಆರಿಸಿ, ಕೈಗವಸು ಹಾಕಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಪಾದದ ಒಂದು ಮೂಲೆಯಿಂದ ಕೂದಲೆಳೆಯಷ್ಟೇ ಒಳಗೆ ಸರಿಸಿ ನಿಲ್ಲಿ. ಅದು ತಾನಾಗಿ ಸ್ವಲ್ಪ ಬಿಟ್ಟಾಗ ಮತ್ತೆ ಸರಿಸಿ. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಬಿಡದಿದ್ದರೆ ಆರ್‌ಒ ನೀರಿನ ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪಾದದ ಪಕ್ಕ ಹಿಡಿಯಿರಿ. ಮೇಲಿಂದ ಎಳೆದರೆ ಪಾದ ಹರಿಯುತ್ತದೆ, ಹರಿದ ಪಾದ ಕೊಳೆತರೆ ಬದುಕುವುದು ಕಷ್ಟ. ಆ ಕೈಯಿಂದ ಕಣ್ಣು ಮುಟ್ಟಬೇಡಿ, ಕುಟುಕು ಕಣಗಳು ಗವಸಿಗೂ ಅಂಟಿರುತ್ತವೆ.

ಅಕಸ್ಮಾತ್ ಪಂಪಿಗೆ ಸಿಕ್ಕಿ ಚೂರಾದರೆ ಚೂರುಗಳನ್ನೆಲ್ಲ ಬಲೆಯಿಂದ ತೆಗೆದು, ಅದೇ ದಿನ 70 ಲೀಟರ್ ನೀರು ಬದಲಿಸಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಸ್ಕಿಮ್ಮರ್ (ನೊರೆಯೆಬ್ಬಿಸಿ ಕೊಳೆ ತೆಗೆಯುವ ಯಂತ್ರ) ಜೋರಾಗಿ ಓಡಿಸಿ. ತಡಮಾಡಿದರೆ ಮೀನುಗಳೂ ಉಳಿಯುವುದಿಲ್ಲ. ಇದಕ್ಕಾಗಿ ಉಪ್ಪು ಮನೆಯಲ್ಲಿ ಯಾವಾಗಲೂ ಇರಲಿ, ಲೀಟರಿಗೆ ಸುಮಾರು 35 ಗ್ರಾಂನಂತೆ ಎರಡೂವರೆ ಕಿಲೋ ಬೇಕಾಗುತ್ತದೆ.

ಈಗಲೇ ಏನೂ ತಿನ್ನಿಸಬೇಡಿ. ಪಾದ ಒಂದೇ ಕಡೆ ಒಂದು ವಾರ ನಿಂತ ಮೇಲೆ, ಮಾರ್ಕೆಟ್ಟಿನಲ್ಲಿ ಕೊಲಂಬಿ ಅಂತ ಮಾರುವ ಸಿಗಡಿ, ನಮ್ಮೂರ ಕಡೆಯ ಎಟ್ಟಿ, ಉಪ್ಪು ಖಾರ ಸೋಕದ್ದು, ಬಟಾಣಿ ಗಾತ್ರದ ಒಂದು ಚೂರು ವಾರಕ್ಕೊಮ್ಮೆ ಸಾಕು. ರಾತ್ರಿ ಮುದುಡಿ ಕಂದು ಎಳೆ ಉಗುಳುವುದು ಮಾಮೂಲು, ಗಾಬರಿ ಬೇಡ. ಆದರೆ ಬಾಯಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ತೆರೆದೇ ಇದ್ದು ಒಳಗಿನ ಪದರ ಹೊರಗೆ ಜೋತರೆ, ಕೊಳೆತ ವಾಸನೆ ಬಂದರೆ, ತಕ್ಷಣ ಹೊರತೆಗೆಯಿರಿ.

ನನ್ನನ್ನು ಕೇಳಿದರೆ ನಾಲ್ಕು ತಿಂಗಳ ಟ್ಯಾಂಕ್ ಅನಿಮೋನ್‌ಗೆ ಎಳೆಯದು, ಆರು ತಿಂಗಳಿಂದ ಒಂದು ವರ್ಷ ಆಗಿರಬೇಕು. ಮೂರು ವಾರವಾದರೂ ನಿಲ್ಲದಿದ್ದರೆ ಅದು ಇನ್ನೂ ಗಟ್ಟಿಯಾಗಿರುವಾಗಲೇ ತಂದ ಅಂಗಡಿಗೆ, ಇಲ್ಲವೇ ಹಳೆಯ ಟ್ಯಾಂಕ್ ಇರುವವರಿಗೆ ಕೊಡಿ. ಎರಡು ಪದರದ ಚೀಲದಲ್ಲಿ ಒಂದು ಭಾಗ ನೀರು, ಎರಡು ಭಾಗ ಗಾಳಿ ತುಂಬಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಲೋಕಲ್ ಖಾಲಿಯಿರುವ ಮಧ್ಯಾಹ್ನ ಒಯ್ಯಿರಿ. ಸಣ್ಣ ಕಲ್ಲಿಗೆ ಅಂಟಿದ್ದರೆ ಕಲ್ಲಿನ ಸಮೇತ ಕೊಟ್ಟುಬಿಡಿ.