ಕೂಡಿ ಓದುವ ಸತ್ಯವೇದ: ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಕೂಟಗಳಿಂದ ಬಂದಿವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

*

ಪ್ರಶ್ನೆ: ಅಕ್ಕಾ, ವಂದನೆಗಳು. ನಮ್ಮ ಓಣಿಯ ಏಳೆಂಟು ಮಂದಿ ಶುಕ್ರವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಸತ್ಯವೇದ ಓದುತ್ತೇವೆ. ಯಾರೂ ಸೆಮಿನರಿಗೆ ಹೋದವರಲ್ಲ. ಇಬ್ಬರಿಗೆ ಓದಲಿಕ್ಕೇ ಬರುವುದಿಲ್ಲ, ಕೂತು ಕೇಳುತ್ತಾರೆ. ‘ಅರ್ಥ ಹೇಳೋದು ಅಯ್ಯನವರ ಕೆಲಸ, ನೀವು ಓದಿ ಪ್ರಾರ್ಥನೆ ಮಾಡಿ ಎದ್ದು ಹೋಗ್ರಿ’ ಎಂದು ಸಭೆಯ ಹಿರಿಯರೊಬ್ಬರು ಹೇಳಿದ್ದಾರೆ. ನಾವು ಅರ್ಥ ಮಾತಾಡಿಕೊಳ್ಳುವುದು ತಪ್ಪೇ?
— ಒಬ್ಬ ಓದುಗಿ, ಸಿರುಗುಪ್ಪ

ಉತ್ತರ: ತಪ್ಪಲ್ಲ, ತಾಯಿ. ಕೂಟ ನಿಲ್ಲಿಸಬೇಡಿರಿ. ಬೆರೋಯ ಊರಿನವರು ಏನು ಮಾಡಿದರೆಂದು ಅಪೊಸ್ತಲರ ಕೃತ್ಯಗಳು 17:11ರಲ್ಲಿ ನೋಡಿರಿ. ಸಾಕ್ಷಾತ್ ಪೌಲನೇ ಬಂದು ಬೋಧಿಸಿದಾಗಲೂ ಅವರು ‘ಇವರು ಹೇಳುವುದು ಹೌದೋ ಅಲ್ಲವೋ’ ಎಂದು ದಿನಾಲೂ ಶಾಸ್ತ್ರ ತೆಗೆದು ನೋಡಿದರು. ಪೌಲನನ್ನು ಪರೀಕ್ಷಿಸಿದ್ದಕ್ಕೆ ಅವರಿಗೆ ಬೈಗುಳ ಸಿಗಲಿಲ್ಲ, ಸದ್ಗುಣವುಳ್ಳವರು ಎಂಬ ಹೆಸರು ಬಂತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಆಮೇಲೆ ಅವರ ಜೊತೆಗೂಡಿದ ವಿಲಿಯಂ ರೀವ್, ಸತ್ಯವೇದವನ್ನು ಕನ್ನಡಕ್ಕೆ ತರಲು ನಮ್ಮ ಊರಲ್ಲೇ ವರ್ಷಗಟ್ಟಲೆ ಕೂತು ದುಡಿದರು. ಜನ ಓದಿ ಅರ್ಥ ಮಾಡಿಕೊಳ್ಳಲಿ ಎಂದೇ ಅಲ್ಲವೇ ಅಷ್ಟು ಕಷ್ಟಪಟ್ಟಿದ್ದು?

ಹಿರಿಯರ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿರಿ. ಪೌಲನ ಪತ್ರಗಳಲ್ಲಿ ಕೆಲವು ಮಾತು ತಿಳಿಯಲು ಕಷ್ಟ, ಅವನ್ನು ತಿರುಚುವವರೂ ಇದ್ದಾರೆ ಎಂದು ಪೇತ್ರನ ಎರಡನೇ ಪತ್ರದಲ್ಲೇ ಇದೆ (3:16). ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಕಂಚುಕಿಯೂ ‘ಯಾರಾದರೂ ತಿಳಿಸಿಕೊಡದಿದ್ದರೆ ನನಗೆ ಹೇಗೆ ತಿಳಿದೀತು?’ ಎಂದನು. ಕಲಿತವರು ಬೇಕು. ಬಗೆಹರಿಯದ ಪ್ರಶ್ನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಅಯ್ಯನವರನ್ನು ಕೂಟಕ್ಕೆ ಕರೆದು ಕೇಳಿರಿ. ಆ ಹಿರಿಯರನ್ನೂ ಕರೆಯಿರಿ. ಪ್ರಶ್ನೆ ಹಿಡಿದು ಕೂತ ಜನರನ್ನು ಕಂಡರೆ ಯಾವ ಒಳ್ಳೆಯ ಬೋಧಕರಿಗೂ ಸಂತೋಷವೇ.

ಕೌಲ್ ಬಜಾರಿನ ನಮ್ಮ ಗುರುವಾರದ ಕೂಟದಲ್ಲಿ ಅನುಸರಿಸುವ ಕ್ರಮವನ್ನು ಹೇಳುತ್ತೇನೆ, ಬೇಕಾದ್ದನ್ನು ತೆಗೆದುಕೊಳ್ಳಿರಿ. ನಮ್ಮಲ್ಲಿ ಅರ್ಧ ಮಂದಿ ಮನೆಯಲ್ಲಿ ತೆಲುಗು ಮಾತಾಡುವವರು. ಅದಕ್ಕೇ ಓದಬೇಕಾದ ಭಾಗವನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ ಗಟ್ಟಿಯಾಗಿ ಓದುತ್ತೇವೆ. ಆಮೇಲೆ ಎಲ್ಲರೂ ಪುಸ್ತಕ ಮುಚ್ಚಬೇಕು. ಓದು ಬಾರದವರೊಬ್ಬರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ, ಬಿಟ್ಟಿದ್ದನ್ನು ಉಳಿದವರು ಸೇರಿಸುತ್ತಾರೆ. ಯಾರು ಯಾರಿಗೆ ಮಾತಾಡುತ್ತಿದ್ದಾರೆ, ಇದರ ಹಿಂದೆ ಏನಾಯಿತು, ಮುಂದೆ ಏನಾಗುತ್ತದೆ ಎಂಬುದು ಸ್ಪಷ್ಟವಾಗುವ ತನಕ ‘ದೇವರು ನನಗೆ ಹೀಗೆ ಹೇಳಿದರು’ ಎನ್ನುವ ಮಾತಿಗೆ ಯಾರೂ ಹೋಗುವಂತಿಲ್ಲ.

ಓದು ಬಾರದವರನ್ನು ಮೊದಲು ಮಾತಾಡಿಸುವುದು ಅವರ ಮೇಲಿನ ಕರುಣೆಗಲ್ಲ. ಅವರ ಕಿವಿ ನಮಗಿಂತ ಚುರುಕು. ಮಾರ್ಕನ ಐದನೇ ಅಧ್ಯಾಯ ಓದಿದ ಸಂಜೆ ನಮ್ಮಲ್ಲಿ ಒಬ್ಬ ಅಜ್ಜಿ ಕೇಳಿದರು: ‘ಆ ಹೆಣ್ಮಗಳಿಗೆ ರಕ್ತ ಹೋಗಾಕ ಹತ್ತಿ ಹನ್ನೆರಡು ವರ್ಷ ಅಂದ್ರಿ. ಯಾಯೀರನ ಮಗಳಿಗೂ ಹನ್ನೆರಡು ವರ್ಷ ಅಂದ್ರಿ. ಆ ಕೂಸು ಹುಟ್ಟಿದ ವರ್ಷನ ಈಕಿಗೆ ರೋಗ ಹತ್ತಿತೇನು?’ ನಾವೆಲ್ಲ ಪುಸ್ತಕ ತೆರೆದು ನೋಡಿದೆವು. 25ನೇ ವಚನದಲ್ಲಿ ಒಂದು ಹನ್ನೆರಡು, 42ನೇ ವಚನದಲ್ಲಿ ಇನ್ನೊಂದು. ಅಲ್ಲಿಂದ ಇಡೀ ಅಧ್ಯಾಯವೇ ತೆರೆದುಕೊಂಡಿತು. ಒಂದು ಮನೆಯಲ್ಲಿ ಮುದ್ದಿನ ಮಗಳು ಬೆಳೆದ ಅಷ್ಟೂ ವರ್ಷ ಇನ್ನೊಬ್ಬಳು ಇದ್ದಬದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು, ಯಾರನ್ನೂ ಮುಟ್ಟಲಾಗದೆ ಬದುಕಿದ್ದಳು. ಯೇಸು ಅವಳನ್ನೂ ‘ಮಗಳೇ’ ಎಂದು ಕರೆಯುತ್ತಾರೆ. ಸಭಾಮಂದಿರದ ಅಧಿಕಾರಿಯಾದ ಯಾಯೀರನು, ತನ್ನ ಮಗಳು ಸಾಯುತ್ತಿರುವಾಗ, ಈ ಬಡವಿಗಾಗಿ ದಾರಿಯಲ್ಲೇ ಕಾಯುತ್ತ ನಿಲ್ಲಬೇಕಾಯಿತು. ಅಧ್ಯಾಯ ಓದಿ ಬಾಯಿಪಾಠ ಮಾಡಿದವರಿಗೆ ಹೊಳೆಯದ್ದು ಕೇಳಿಸಿಕೊಂಡ ಅಜ್ಜಿಗೆ ಹೊಳೆಯಿತು. ಇಂಥವರು ನಿಮ್ಮ ಕೂಟದಲ್ಲಿ ಇಬ್ಬರಿದ್ದಾರೆ. ನೀವು ಭಾಗ್ಯವಂತರು.

*

ಪ್ರಶ್ನೆ: ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ನಮ್ಮ ಕುಟುಂಬಕ್ಕೆ ಬಂದ ವಾಗ್ದಾನದ ಚೀಟಿ ಯೆರೆಮೀಯ 29:11. ‘ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ’ ಎಂಬ ವಾಕ್ಯ. ಫ್ರೇಮ್ ಹಾಕಿಸಿ ಗೋಡೆಗೆ ಹಾಕಿದೆವು. ಫೆಬ್ರವರಿಯಲ್ಲೇ ನಮ್ಮ ಯಜಮಾನರ ಗುತ್ತಿಗೆ ಕೆಲಸ ಹೋಯಿತು, ಇನ್ನೂ ಬೇರೆ ಸಿಕ್ಕಿಲ್ಲ. ‘ನಿಮ್ಮಲ್ಲಿ ವಿಶ್ವಾಸ ಕಡಿಮೆ, ಅದಕ್ಕೇ ವಾಗ್ದಾನ ನೆರವೇರಲಿಲ್ಲ’ ಎಂದು ಕೂಟದಲ್ಲಿ ಒಬ್ಬರು ಹೇಳಿದರು. ಅವತ್ತಿನಿಂದ ನಾನು ಹೋಗುತ್ತಿಲ್ಲ.
— ಹೆಸರು ಬೇಡ, ಬಳ್ಳಾರಿ

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಿಟ್ಟೇ ಬಂತು, ತಂಗಿ. ನಿಮ್ಮ ಮೇಲಲ್ಲ. ಯೋಬನ ಗೆಳೆಯರು ಮೊದಲ ಏಳು ದಿನ ಅವನ ಪಕ್ಕದಲ್ಲಿ ಸುಮ್ಮನೆ ನೆಲದ ಮೇಲೆ ಕೂತಿದ್ದರು. ಆ ತನಕ ಚೆನ್ನಾಗಿಯೇ ಇತ್ತು. ಬಾಯಿ ತೆರೆದು ‘ನಿನ್ನ ತಪ್ಪಿಗೇ ಹೀಗಾಯಿತು’ ಎಂದ ಮೇಲೆ, ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಬಿದ್ದದ್ದು ಅವರ ಮೇಲೆ, ಯೋಬನ ಮೇಲಲ್ಲ.

ಈಗ ಆ ಚೀಟಿಯ ವಾಕ್ಯಕ್ಕೆ ಬರೋಣ. ಗೋಡೆಯ ಮೇಲೆ ಒಂದೇ ಸಾಲು ಇದೆ, ಆದರೆ ಅದು ಒಂದು ಕಾಗದದ ನಡುವಿನ ಸಾಲು. ಬಾಬೆಲಿನ ಅರಸ ನೆಬೂಕದ್ನೆಚ್ಚರನು ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಹಿಡಿದೊಯ್ದ ಜನರಿಗೆ ಯೆರೆಮೀಯನು ಬರೆದ ಕಾಗದ. ಮನೆ, ಹೊಲ, ದೇವಾಲಯ ಎಲ್ಲ ಕಳೆದುಕೊಂಡು ಪರದೇಶದಲ್ಲಿ ಕೂತವರಿಗೆ ಬಂದ ಮಾತು ಇದು. ಅವರ ವಿಶ್ವಾಸ ಕಡಿಮೆ ಇತ್ತು, ಅದಕ್ಕೇ ಕಷ್ಟ ಮುಗಿಯಲಿಲ್ಲ ಎಂದು ಆ ಕಾಗದದಲ್ಲಿ ಎಲ್ಲೂ ಇಲ್ಲ. ಒಂದು ವಚನ ಹಿಂದೆ, ಹತ್ತರಲ್ಲಿ ನೋಡಿರಿ: ಎಪ್ಪತ್ತು ವರ್ಷ ತುಂಬಿದ ಮೇಲೆ ಬಿಡುಗಡೆ. ಕಾಗದ ಕೈಗೆ ಬಂದಾಗ ನಲವತ್ತು ದಾಟಿದ್ದವರು ಆ ದಿನ ಕಾಣುವ ಹಾಗೇ ಇರಲಿಲ್ಲ. ಅವರಿಗೂ ದೇವರು ‘ಹಿತದ ಯೋಚನೆ’ ಎಂದೇ ಹೇಳಿದರು. ಹಾಗಾದರೆ ಆ ಹಿತ ಯಾವುದು? ಐದರಿಂದ ಏಳನೇ ವಚನ ಓದಿರಿ. ಮನೆ ಕಟ್ಟಿರಿ, ತೋಟ ಹಾಕಿ ಅದರ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಕಷ್ಟದ ಊರಿನಲ್ಲೇ ದೇವರು ಅವರ ಜೊತೆ ಇದ್ದರು.

ಇನ್ನೂ ಒಂದು ಅಧ್ಯಾಯ ಹಿಂದಕ್ಕೆ ಹೋಗಿರಿ. 28ರಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ‘ಎರಡೇ ವರ್ಷ, ಎಲ್ಲ ವಾಪಸ್ ಬರುತ್ತದೆ’ ಎಂದು ಜನರ ಮುಂದೆ ಸಾರಿ, ಬಾಬೆಲಿಗೆ ತಲೆಬಾಗಬೇಕು ಎಂಬುದಕ್ಕೆ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನೇ ಮುರಿದು ಹಾಕುತ್ತಾನೆ. ಕೇಳಿದವರಿಗೆ ಎಷ್ಟು ಹಿತವಾಗಿರಬೇಕು ಆ ಮಾತು! ಯೆರೆಮೀಯನೂ ‘ಆಮೆನ್, ಹಾಗೇ ಆಗಲಿ’ ಎಂದನು. ಆದರೆ ದೇವರು ಕಳಿಸಿದ್ದು ಹನನ್ಯನನ್ನಲ್ಲ. ಬೇಗ ಬಿಡುಗಡೆ ಎಂದವನು ಸುಳ್ಳು ಪ್ರವಾದಿ, ಕಾಯಿರಿ ಎಂದವನು ನಿಜದವನು. ಈ ಎರಡು ಅಧ್ಯಾಯ ಕೂಡಿಸಿ ಓದಿದವರು ನಿಮಗೆ ಅಂಥ ಮಾತು ಆಡುತ್ತಿರಲಿಲ್ಲ.

ವಾಗ್ದಾನದ ಚೀಟಿ ತೆಗೆಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಅವ್ವನೂ ಪ್ರತಿ ವರ್ಷದ ಚೀಟಿಯನ್ನು ಸತ್ಯವೇದದೊಳಗೆ ಜೋಪಾನ ಮಾಡಿ ಇಡುತ್ತಿದ್ದಳು. ಚೀಟಿ ಬಂದ ವಾರವೇ ಇಡೀ ಅಧ್ಯಾಯವನ್ನು ಮನೆಯವರೆಲ್ಲ ಕೂತು ಓದಿದರೆ ಸಾಕು. ಫ್ರೇಮ್ ಗೋಡೆಯ ಮೇಲೇ ಇರಲಿ. ನಿಮ್ಮ ಯಜಮಾನರ ಜೊತೆ 28, 29 ಎರಡೂ ಅಧ್ಯಾಯ ನಿಧಾನವಾಗಿ ಓದಿರಿ. ಕೂಟಕ್ಕೆ ಹೋಗಬೇಕೋ ಬೇಡವೋ ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆ ಮನೆಗೆ ಹೋಗಲು ಮನಸ್ಸಾಗದಿದ್ದರೆ ಪತ್ರಿಕೆಯ ಕಚೇರಿಗೆ ಒಂದು ಸಾಲು ಬರೆಯಿರಿ, ಗುರುವಾರ ನಮ್ಮಲ್ಲಿಗೆ ಬರಬಹುದು.

*

ಪ್ರಶ್ನೆ: ಮತ್ತಾಯ 20ರ ದ್ರಾಕ್ಷೇತೋಟದ ಕೂಲಿಗಳ ಸಾಮ್ಯಕಥೆಯ ಮೇಲೆ ನಮ್ಮ ಯೌವನಸ್ಥರ ಕೂಟದಲ್ಲಿ ಜಗಳವೇ ಆಯಿತು. ಬೆಳಿಗ್ಗೆಯಿಂದ ದುಡಿದವನಿಗೂ ಒಂದು ತಾಸು ದುಡಿದವನಿಗೂ ಒಂದೇ ಕೂಲಿ. ಇದು ಯೆಹೂದ್ಯರು ಮತ್ತು ಅನ್ಯಜನರ ಬಗ್ಗೆ ಎಂದು ಒಬ್ಬ, ಮುಪ್ಪಿನಲ್ಲಿ ನಂಬಿದವರ ಬಗ್ಗೆ ಎಂದು ಇನ್ನೊಬ್ಬ. ‘ಹೆಂಗ ನೋಡಿದ್ರೂ ಅನ್ಯಾಯನ’ ಎಂದು ಮತ್ತೊಬ್ಬ ಎದ್ದು ಹೋದ. ಯಾವುದು ಸರಿ?
— ಕೂಟದ ಕಾರ್ಯದರ್ಶಿ, ಮೋಕಾ

ಉತ್ತರ: ನಿಮ್ಮ ಜಗಳ ಬಹಳ ಹಳೆಯದು. ಎರಡನೇ ಶತಮಾನದ ಸಭಾ ಬೋಧಕ ಐರೇನಿಯಸ್, ಯಜಮಾನ ಕೂಲಿಗಳನ್ನು ಕರೆದ ಆ ಬೇರೆ ಬೇರೆ ಗಳಿಗೆಗಳನ್ನು ಲೋಕದ ಬೇರೆ ಬೇರೆ ಕಾಲಗಳೆಂದು ತಿಳಿದರು. ಮೂರನೇ ಶತಮಾನದ ಬೋಧಕ ಒರಿಗೆನ್ ಅವನ್ನು ಮನುಷ್ಯನ ಬಾಲ್ಯ, ಯೌವನ, ಮುಪ್ಪು ಎಂದೂ ಓದಿದರು. ಹಳೆಯ ಕಾಲದ ಹೆಸರಾಂತ ಬೋಧಕ ಕ್ರಿಸೊಸ್ತೊಮರ ಹೆಸರಿನಲ್ಲಿರುವ ಒಂದು ಪ್ರಸಂಗವನ್ನು ಆರ್ಥಡಾಕ್ಸ್ ಸಭೆಗಳಲ್ಲಿ ಈಗಲೂ ಈಸ್ಟರ್ ರಾತ್ರಿ ಓದುತ್ತಾರೆ. ಹನ್ನೊಂದನೇ ಗಳಿಗೆಗೆ, ಅಂದರೆ ದಿನದ ಕೊನೆಯ ಹೊತ್ತಿಗೆ, ಬಂದವನೂ ಹೆದರದೆ ಒಳಗೆ ಬರಲಿ ಎಂದು ಅದು ಕರೆಯುತ್ತದೆ. ಎದ್ದು ಹೋದ ಹುಡುಗನನ್ನು ವಾಪಸ್ ಕರೆಯಿರಿ. ಕಥೆಯೊಳಗಿನ ಕೂಲಿಗಳೂ ಗೊಣಗಿದರಲ್ಲ, ಅವನು ಆ ಕಥೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ.

ನಾನು ಮೊದಲು ಪುಸ್ತಕದಲ್ಲಿ ಆ ಕಥೆಯ ನೆರೆಹೊರೆ ನೋಡುತ್ತೇನೆ. ಅಧ್ಯಾಯಗಳ ಗಡಿ ಮತ್ತಾಯ ಹಾಕಿದ್ದಲ್ಲ. ಅದು ಹದಿಮೂರನೇ ಶತಮಾನದ ಸ್ಟೀಫನ್ ಲ್ಯಾಂಗ್ಟನ್ ಎಂಬ ಬಿಷಪ್ಪರ ಕಾಲದಿಂದ ಬಂದದ್ದು. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಹಾಕಿದವರು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕರು, 1551ರಲ್ಲಿ. ಆ ಗಡಿ ಮರೆತು 19:27ರಿಂದ ಓದಿರಿ. ‘ಎಲ್ಲವನ್ನೂ ಬಿಟ್ಟು ಹಿಂಬಾಲಿಸಿದ್ದೇವೆ, ನಮಗೆ ಏನು ಸಿಗುತ್ತದೆ?’ ಎಂದು ಪೇತ್ರ ಕೇಳುತ್ತಾನೆ. ಮೊದಲಿನವರು ಕಡೆಯವರಾಗುವರು ಎಂಬ ಮಾತು ಕಥೆಯ ಮುಂಚೆ 19:30ರಲ್ಲಿ ಬರುತ್ತದೆ, ಕಥೆ ಮುಗಿದಾಗ 20:16ರಲ್ಲಿ ಮತ್ತೆ ಬರುತ್ತದೆ. ಇಪ್ಪತ್ತನೇ ವಚನಕ್ಕೆ ಬಂದರೆ ಜೆಬೆದಾಯನ ಮಕ್ಕಳ ತಾಯಿ ತನ್ನ ಇಬ್ಬರು ಗಂಡುಮಕ್ಕಳಿಗೆ ಯೇಸುವಿನ ಎಡಬಲದ ಜಾಗ ಕೇಳುತ್ತಿದ್ದಾಳೆ. ‘ನಮ್ಮ ಪಾಲೆಷ್ಟು’ ಎಂಬ ಎರಡು ಪ್ರಶ್ನೆಗಳ ನಡುವೆ ಯೇಸು ಈ ಕಥೆ ಹೇಳಿದ್ದಾರೆ. ಹಾಗಾಗಿ ಇದು ಮೊದಲು ತಟ್ಟಬೇಕಾದ್ದು ಬಹಳ ದಿನದಿಂದ ಸಭೆಯಲ್ಲಿರುವ ನಮ್ಮಂಥವರನ್ನು ಎಂಬುದು ನನ್ನ ತೀರ್ಮಾನ.

ಇದನ್ನು ಇನ್ನೊಂದು ಬದಿಯಿಂದ ತೋರಿಸಿಕೊಟ್ಟವರು ನಮ್ಮ ಕೂಟದ ಕೂಲಿ ಹೆಣ್ಣುಮಕ್ಕಳು. ಅವರು ಮೆಣಸಿನಕಾಯಿ ಬಿಡಿಸಲು ಹೋಗುವವರು. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಸರ್ಕಲ್‌ನಲ್ಲಿ ನಿಂತು, ಟಾಟಾ ಏಸ್ ಬಂದು ಹತ್ತಿಸಿಕೊಂಡರೆ ಕೂಲಿ, ಇಲ್ಲದಿದ್ದರೆ ಇಲ್ಲ. ಇಡೀ ದಿನ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದ್ದಕ್ಕೆ ‘ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ’ ಎಂಬ ಉತ್ತರ ಓದಿದಾಗ ಒಬ್ಬಾಕೆ ಹೇಳಿದಳು: ‘ನಿಂತ್ರೂ ಕಾಲು ಸೋಲ್ತಾವಕ್ಕಾ. ಕೆಲಸ ಮಾಡಿದ್ದಕ್ಕಿಂತ ಜಾಸ್ತಿ ಸೋಲ್ತಾವ. ಸಂಜಿಗೆ ಮನಿಯಾಗ ಅಕ್ಕಿ ಬೇಕಾಗೋದು ಎಲ್ಲಾರಿಗೂ ಅಷ್ಟ.’ ಒಂದು ದಿನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ, ಒಂದು ಕುಟುಂಬದ ಅವತ್ತಿನ ಊಟ. ಯಜಮಾನ ನೋಡಿದ್ದು ದುಡಿದ ತಾಸನ್ನಲ್ಲ, ಆ ಮನೆಯ ಒಲೆಯನ್ನು ಎಂದು ನನಗೆ ಅವತ್ತು ತಿಳಿಯಿತು.

ಒಂದು ಎಚ್ಚರಿಕೆ. ‘ನನ್ನದನ್ನು ನನ್ನ ಮನಸ್ಸು ಬಂದ ಹಾಗೆ ಕೊಡಬಾರದೋ’ ಎಂಬ ಯಜಮಾನನ ಮಾತನ್ನು ಕೂಲಿ ಕಡಿಮೆ ಕೊಡುವವರು ಬಳಸಿಕೊಳ್ಳಲು ಬಿಡಬೇಡಿರಿ. ಆ ಯಜಮಾನ ಹಾಗೆ ಹೇಳಿದ್ದು ಹೆಚ್ಚು ಕೊಡಲಿಕ್ಕೆ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ 24:15. ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತದೆ ಎನ್ನುತ್ತದೆ ಯಾಕೋಬನ ಪತ್ರ 5:4. ಮೂರನ್ನೂ ಒಂದೇ ಸಂಜೆ ಓದಿರಿ.

*

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಕಥೋಲಿಕರು. ಅವರ ಬೈಬಲಿನಲ್ಲಿ ಪುಸ್ತಕಗಳು ಹೆಚ್ಚಿವೆ. ಜೊತೆಗೆ ಕೂತು ಓದಬಹುದೇ?
— ಗೃಹಿಣಿ, ಕುರುಗೋಡು

ಉತ್ತರ: ಧಾರಾಳವಾಗಿ ಓದಬಹುದು. ನಮ್ಮಲ್ಲಿ 66 ಪುಸ್ತಕ, ಅವರಲ್ಲಿ 73. ತೊಬೀತ, ಯೂದಿತ, ಮಕ್ಕಬಿಯರು ಮುಂತಾದ ಆ ಏಳೂ ಹಳೆ ಒಡಂಬಡಿಕೆಯವು. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಇಬ್ಬರಿಗೂ ಯಾವ ವ್ಯತ್ಯಾಸವೂ ಇಲ್ಲ. ಲೂಕನಿಂದ ಶುರು ಮಾಡಿರಿ. ಯಾವಾಗಲಾದರೂ ಅವರಿಂದ ತೊಬೀತನ ಕಥೆಯನ್ನೂ ಕೇಳಿರಿ, ಚೆಂದದ ಕಥೆ.

*

ಪ್ರಶ್ನೆ: ಹೊಸದಾಗಿ ಕೂಟ ಶುರು ಮಾಡುತ್ತಿದ್ದೇವೆ. ಯುದ್ಧದ ಸುದ್ದಿ ನೋಡಿ ಎಲ್ಲರೂ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯಿಂದಲೇ ಆರಂಭಿಸೋಣ ಎನ್ನುತ್ತಿದ್ದಾರೆ. ನಿಮ್ಮ ಸಲಹೆ?
— ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಬೇಡ, ಮಗನೇ, ಈಗಲೇ ಬೇಡ. ಆ ಪುಸ್ತಕದ ಮೃಗ, ಕೊಂಬು, ಕುದುರೆಗಳೆಲ್ಲ ದಾನಿಯೇಲ, ಯೆಹೆಜ್ಕೇಲ, ಜೆಕರ್ಯರ ಪುಸ್ತಕಗಳಿಂದ ಬಂದವು. ಅವನ್ನು ಓದದೆ ನೇರ ಇಲ್ಲಿಗೆ ಬಂದವರು ಟಿವಿ ಸುದ್ದಿಯಲ್ಲಿ ಮೃಗ ಹುಡುಕಲು ಹೊರಡುತ್ತಾರೆ. ಮಾರ್ಕನಿಂದ ಶುರು ಮಾಡಿರಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಹದಿನಾರೇ ಅಧ್ಯಾಯ. ಆಮೇಲೆ ದಾನಿಯೇಲ. ಅದೂ ಮುಗಿದ ಮೇಲೆ ಪ್ರಕಟನೆ ತೆರೆಯಿರಿ. ಮೊದಲ ಅಧ್ಯಾಯದ ಮೂರನೇ ವಚನ ನೋಡಿದರೆ ಗಟ್ಟಿಯಾಗಿ ಓದುವವನೊಬ್ಬ, ಕೂತು ಕೇಳುವವರು ಹಲವರು ಎಂದು ತಿಳಿದೇ ಅದನ್ನು ಬರೆದಿದ್ದಾರೆ. ಅಷ್ಟು ಹೊತ್ತಿಗೆ ನಿಮ್ಮ ಕೂಟಕ್ಕೂ ಹಾಗೆ ಕೇಳುವ ರೂಢಿ ಆಗಿರುತ್ತದೆ.